ಕುರ್ಚಿ ಬಂದ ದಿನ

ಸಂಜೆಯ ಗಂಟೆ ಹೊಡೆಯಿತು. ಹೊಸ ಕಾನೂನಿನಂತೆ ಬಾಗಿಲ ಬಳಿ ಕೂರಿಸಿದ್ದ ನೋವು ಹಂಚುವ ಯಂತ್ರದಿಂದ ಊದುಬತ್ತಿ ಕಾರ್ಖಾನೆಯ ಎಲ್ಲರ ಮೈನೋವೂ ಎಂದಿನಂತೆ ಮಾಲೀಕನೂ ಸೇರಿ ಎಲ್ಲರಿಗೂ ಸಮನಾಗಿ ಹಂಚಿಹೋಯಿತು. ಮಾಲೀಕ ಸದಾಶಿವ ತನ್ನ ಪಾಲಿನ ಸೊಂಟನೋವನ್ನು ತಿಕ್ಕಿಕೊಳ್ಳುತ್ತ ಹೊರಬಂದಾಗ ಬಾಗಿಲಲ್ಲಿ ದೇವೀರಮ್ಮ ನಿಂತಿದ್ದಳು. ಈ ಕಾನೂನು ಬರುವ ಮುಂಚೆಯೇ ಕೆಲಸ ಬಿಟ್ಟವಳು. ಬತ್ತಿ ಹೊಸೆದು ಹೊಸೆದು ಅವಳ ಬೆನ್ನು ಬಾಗಿಹೋಗಿತ್ತು.

"ಸಾವ್ಕಾರ್ರೇ, ನನ್ ನೋವ್ನೂ ಒಸಿ ಹಂಚ್ಬುಡಿ. ಮಗ್ಗುಲಾಗಕ್ಕೂ ಆಯ್ತಿಲ್ಲ."

ಸದಾಶಿವ ಅವಳ ಕೈಯನ್ನು ಯಂತ್ರದ ಮೇಲಿಟ್ಟು, ಪಕ್ಕದಲ್ಲಿ ತನ್ನ ಕೈಯನ್ನೂ ಇಟ್ಟ. ಏನೂ ದಾಟಿ ಬರಲಿಲ್ಲ.

"ಇದು ಅಂದಂದಿನ ನೋವನ್ನಷ್ಟೇ ಹಂಚುತ್ತೆ, ದೇವೀರಮ್ಮ. ಹಳೇದನ್ನ ಮುಟ್ಟಲ್ಲ."

"ಹೋಗ್ಲಿ ಬುಡಿ. ಈ ನೋವ್ಗೂ ನನ್ ಬುಟ್ಟಿರಕ್ಕಾಗಲ್ಲ ಅನ್ಸುತ್ತೆ," ಎಂದು ನಕ್ಕು ಒಳಗೆ ಇಣುಕಿದಳು.

ಅವಳ ಕಾಲದಲ್ಲಿ ಹೆಂಗಸರೆಲ್ಲ ನೆಲದ ಮೇಲೆ ಬಗ್ಗಿ ಕೂತೇ ಬತ್ತಿ ಹೊಸೆಯುತ್ತಿದ್ದರು. ಅವರು ಕುರ್ಚಿ ಕೇಳಿದಾಗಲೆಲ್ಲ ಸದಾಶಿವ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ.

"ಅಯ್ಯೋ, ಕುರ್ಚಿ! ಯಾವಾಗ ತಂದ್ರಿ?"

ನೋವು ಮೊದಲ ಸಲ ತನ್ನ ಸೊಂಟಕ್ಕೆ ಬಂದ ಮರುದಿನವೇ ತರಿಸಿದ್ದ. ಸದಾಶಿವ ಒಂದು ಕುರ್ಚಿ ಎಳೆದು ಅವಳ ಮುಂದಿಟ್ಟ.

ದೇವೀರಮ್ಮ ಕೂತಳು. ಒರಗಲು ಮಾತ್ರ ಆಗಲಿಲ್ಲ. ಬೆನ್ನು ಮುಂದಕ್ಕೇ ಬಾಗಿತ್ತು.