ಸೀಟಿ ಊದಿದ ಮೇಲೆ

ಮಗಳ ಶಾಲೆಯ ಮೈದಾನದಲ್ಲಿ ಗೆರೆ ಎಳೆಯುವ ಸುಣ್ಣದ ವಾಸನೆ ಬಂದರೆ, ಆದೋನಿಯ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಕುರಿಗಳ ಹಿಂದೆ ಓಡಿ ಬೆಳೆದ ಅಕ್ಕನನ್ನು ಓಟದಲ್ಲಿ ಯಾರೂ ಹಿಂದೆ ಹಾಕುತ್ತಿರಲಿಲ್ಲ. ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಬಂದಿದ್ದ. ಓಟ ಶುರುವಾಗುವ ಮುಂಚೆ ಅವಳಿಗೆ, “ಗೆದ್ದರ ಹಾಸ್ಟೆಲ್ಲು. ಸೋತರ ಹೊಳಗುಂದದ ಸಂಬಂಧ ಒಪ್ಕೋತೀನಿ” ಎಂದ.

ಸೀಟಿ ಊದಿದರು. ಉಳಿದವರು ಓಡಿದರು. ಅಕ್ಕ ಗೆರೆಯ ಮೇಲೆ ನಿಂತೇ ಇದ್ದಳು.

ವಾಪಸು ಬಸ್ಸಿನಲ್ಲಿ ಅಪ್ಪ ಶೇಂಗಾ ಸುಲಿದು ಅವಳ ಅಂಗೈಗೆ ಹಾಕಿದ. “ಹೆದರಿಸಿದ್ರ ಇನ್ನೂ ಜೋರು ಓಡ್ತಿ ಅಂದ್ಕೊಂಡಿದ್ದೆ, ನನ್ನವ್ವ.”

“ಕಾಲು ನನ್ನ ಮಾತು ಕೇಳ್ಲಿಲ್ಲಪ್ಪ.”

ಮರುವಾರ ಹೊಳಗುಂದದವರು ಬಂದರು. ಅಕ್ಕ ತಲೆ ಎತ್ತದೆ ಕುಳಿತಿದ್ದಳು. “ಹುಡುಗಿ ಭಾಳ ಸಮಾಧಾನದಾಕಿ ಅದಾಳ” ಎಂದು ವರನ ತಾಯಿ ಮೆಚ್ಚಿದಳು.