ಕಾಶಿಯಲ್ಲಿ ಬಿಟ್ಟ ಹಾಗಲಕಾಯಿ

ಇದನ್ನು ಓದುವಾಗ ಕೈಯಲ್ಲಿ ಬಿಸ್ಕೆಟ್ಟೋ ಚಕ್ಕುಲಿಯೋ ಇದ್ದರೆ ಒಂದೈದು ನಿಮಿಷ ಪಕ್ಕಕ್ಕಿಡಿ… ಆಮೇಲೆ ತಿನ್ನುವುದೋ ಬಿಡುವುದೋ ನಿಮ್ಮಿಷ್ಟ.

ಅರಸೀಕೆರೆಯ ಚನ್ನಿಗರಾಯಪ್ಪನವರು ರೈಲ್ವೆಯಲ್ಲಿ ದುಡಿದು ರಿಟೈರ್ ಆದವರು. ಆಳು ಗಟ್ಟಿ, ದನಿ ಗಟ್ಟಿ… ನಾಲಿಗೆಯ ಚಪಲ ಮಾತ್ರ ಹೇಳತೀರದು.

ರಿಟೈರ್ ಆದ ವರ್ಷವೇ ಸಕ್ಕರೆ ಕಾಯಿಲೆ ಗೊತ್ತಾಯಿತು. ಡಾಕ್ಟರು, "ಸಿಹಿ ಬಿಡಿ ಯಜಮಾನ್ರೇ, ಹಾಗಲಕಾಯಿ, ಸೊಪ್ಪು ಜಾಸ್ತಿ ತಿನ್ನಿ" ಎಂದರು.

ಅದೇ ವರ್ಷ ಅವರು, ಹೆಂಡತಿ ಅನಸೂಯಮ್ಮ, ಪಕ್ಕದ ಮನೆಯ ಸಾಕಮ್ಮ ಎಲ್ಲರೂ ಸೇರಿ ಕಾಶಿಗೆ ಹೋದರು.

ಕಾಶಿಗೆ ಹೋದವರು ತಮಗೆ ಬಲು ಇಷ್ಟವಾದ ತಿನಿಸೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಈ ಜನ್ಮದಲ್ಲಿ ಅದನ್ನು ಮುಟ್ಟಬಾರದು… ನಿಮಗೂ ಗೊತ್ತಿರುವ ಪದ್ಧತಿಯೇ.

ನಮ್ಮ ಚನ್ನಿಗರಾಯಪ್ಪನವರು ಮೂಗು ಹಿಡಿದು ಮೂರು ಮುಳುಗು ಹಾಕಿ ಎದ್ದರು. "ಏನು ಬಿಟ್ರಿ?" ಎಂದು ಹೆಂಡತಿ ಆಸೆಯಿಂದ ಕೇಳಿದರು.

"ಹಾಗಲಕಾಯಿ!"

ಅಬ್ಬಾ, ಆ ನಗು ನೋಡಬೇಕಿತ್ತು… ದೇವರಿಗೇ ಟೋಪಿ ಹಾಕಿದ ಖುಷಿ.

"ನೀನೇನು ಬಿಟ್ಟೆ?" ಎಂದು ಅವರು ಕೇಳಿದರೆ ಅನಸೂಯಮ್ಮ, "ಎಲ್ಲಾ ಹೇಳ್ಕೊಂಡು ತಿರುಗಕ್ಕಾಗುತ್ತಾ? ಬನ್ನಿ, ಚಳಿ" ಎಂದು ಸೀರೆ ಹಿಂಡುತ್ತಾ ಹೊರಟುಬಿಟ್ಟರು.

ಊರಿಗೆ ಬಂದ ಮೇಲೆ ಹಾಗಲಕಾಯಿ ಪಲ್ಯ ಮಾಡಿದರೆ ಒಂದೇ ಮಾತು… "ಏಯ್, ಕಾಶೀಲಿ ಬಿಟ್ಟಿದ್ದೀನಿ ಕಣೇ! ತಿಂದ್ರೆ ಪಾಪ ಸುತ್ಕೊಳ್ಳುತ್ತೆ."

ಮನೆಯಲ್ಲಿ ಸಿಹಿಯ ಡಬ್ಬಿ ಎನ್ನುವುದೇ ಇಲ್ಲವಾಯಿತು. ಬೆಲ್ಲ ಕೂಡ ಎಲ್ಲಿಡುತ್ತಿದ್ದರೋ ಆ ತಾಯಿಗೇ ಗೊತ್ತು.

ಆದರೆ ಚಪಲ ಸುಮ್ಮನಿರುತ್ತದೆಯೇ? ಸ್ಟೇಷನ್ ರೋಡಿನ ಸ್ವೀಟ್ ಅಂಗಡಿಗೆ ಹೋಗಿ, "ನಮ್ಮ ಮನೆಯವಳಿಗೆ ಬಾದುಷಾ ಅಂದ್ರೆ ಪ್ರಾಣ, ಕಾಲು ಕೆ.ಜಿ. ಕಟ್ಟಪ್ಪ" ಎನ್ನುವರು. ದಾರಿಯಲ್ಲೇ ಎರಡು ಖಾಲಿ. ಉಳಿದದ್ದು ಹೆಂಡತಿಯ ಕೈಗೆ.

ಅನಸೂಯಮ್ಮನಿಗೆ ಬಾದುಷಾ ಎಂದರೆ ಪ್ರಾಣ ಎನ್ನುವುದೇನೋ ನಿಜ. ಮದುವೆಯಾದ ಹೊಸತರಲ್ಲಿ ಅವರಿಬ್ಬರ ಜಗಳ ನಿಲ್ಲುತ್ತಿದ್ದದ್ದೇ ಬಾದುಷಾದಿಂದ.

ಆದರೆ ಈಗ ಪೊಟ್ಟಣ ಬಿಚ್ಚುತ್ತಲೂ ಇರಲಿಲ್ಲ. ಸೀದಾ ಸಾಕಮ್ಮನ ಮನೆಗೆ ಕೊಟ್ಟು ಬಂದು, ಪೊರಕೆ ಹಿಡಿದು ಅಂಗಳ ಗುಡಿಸಲು ನಿಲ್ಲುತ್ತಿದ್ದರು. ಬೆಳಿಗ್ಗೆಯಷ್ಟೇ ಗುಡಿಸಿದ ಅಂಗಳ!

"ತಂದುಕೊಟ್ರೆ ತಿನ್ನೋಕೂ ಪುಣ್ಯ ಬೇಕು" ಎಂದು ಇವರು ಗೊಣಗುವರು. "ಎಷ್ಟು ಸಲ ಗುಡಿಸ್ತೀಯೇ? ಅಂಗಳದ ಮಣ್ಣೇ ಸವೆದುಹೋಯ್ತು" ಎಂದು ನಗುವರು.

ಗಂಡನ ಜೇಬಿನಲ್ಲಿ ಅಂಟಿದ ಪಾಕವನ್ನು ಅನಸೂಯಮ್ಮ ನೋಡುತ್ತಿದ್ದರು. ಷರ್ಟು ಒಗೆದು ಹಾಕುತ್ತಿದ್ದರು.

ಆರನೇ ವರ್ಷಕ್ಕೆ ಚನ್ನಿಗರಾಯಪ್ಪನವರ ಕಾಲಿನ ಒಂದು ಬೆರಳು ತೆಗೆದರು. ಆಸ್ಪತ್ರೆಯಲ್ಲಿ ಹೆಂಡತಿಯ ತಲೆ ಮುಟ್ಟಿ ಆಣೆ ಇಟ್ಟರು… ಮೂರು ತಿಂಗಳಿಗೆ ಮತ್ತೆ ಸ್ಟೇಷನ್ ರೋಡು.

ಒಂಬತ್ತನೇ ವರ್ಷ, ಒಂದು ಬೆಳಿಗ್ಗೆ ಎದೆನೋವು ಎಂದ ಅನಸೂಯಮ್ಮ ಆಸ್ಪತ್ರೆ ಮುಟ್ಟಲೇ ಇಲ್ಲ.

ಕಾಯಿಲೆಯವರು ಉಳಿದರು… ನೋಡಿಕೊಂಡವರು ಹೋದರು.

ಹನ್ನೊಂದನೇ ದಿನದ ತಿಥಿ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡಬೇಕಲ್ಲ… ಮಗಳು ಇಂದ್ರಾಣಿ ಎಲೆ ಹಾಸಿ ಒಂದೊಂದೇ ಬಡಿಸಿದಳು. ಕೊನೆಗೆ ಬಾದುಷಾ ಪೊಟ್ಟಣ ಬಿಚ್ಚಿದಳು. ಅಪ್ಪನೇ ಹೇಳಿ ತರಿಸಿದ್ದು.

ಸಾಕಮ್ಮ ಗಬಕ್ಕನೆ ಅವಳ ಕೈ ಹಿಡಿದರು.

"ಬ್ಯಾಡ ಕಣವ್ವ, ಅದನ್ನ ಇಡಬ್ಯಾಡ. ನಿಮ್ಮವ್ವ ಅದನ್ನ ಕಾಶೀಲಿ ಬಿಟ್ಟಿದ್ಲು. ಬಿಟ್ಟಿದ್ದನ್ನ ಎಡೆಗೂ ಇಡಬಾರದು."

ಚನ್ನಿಗರಾಯಪ್ಪನವರು ಗೋಡೆ ಹಿಡಿದುಕೊಂಡರು. "ಏನಂದೆ ಸಾಕಮ್ಮ?"

"ಹೂಂ ಕಣಣ್ಣ. ಅವತ್ತೇ ಅವಳಿಗೆ, ‘ಕಾಯಿಲೆ ಇರೋದು ನಿನ್ನ ಗಂಡನಿಗೆ, ನೀನ್ಯಾಕೆ ಬಿಡ್ತೀಯೇ’ ಅಂದೆ. ‘ನಾನು ಎದುರಿಗೆ ತಿಂತಾ ಕೂತ್ರೆ ಅವ್ರು ಹ್ಯಾಗೆ ಬಿಡ್ತಾರೆ ಸಾಕಕ್ಕ? ಡಬ್ಬೀಲಿ ತುಂಬಿಟ್ಟು ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂದ್ರೆ ಆಗೋ ಮಾತಾ? ಮನೇಲೇ ಇರಬಾರದು, ಅಷ್ಟೆ’ ಅಂದ್ಲು."

ಸಾಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೀನು ಪೊಟ್ಟಣ ತಂದಾಗೆಲ್ಲ ನಮ್ಮನೇಗೆ ಓಡಿ ಬರೋಳು. ‘ಬೇಗ ಒಳಗಿಡಕ್ಕ, ವಾಸನೆಗೇ ಬಾಯಲ್ಲಿ ನೀರು ಬರುತ್ತೆ’ ಅನ್ನೋಳು. ಆಸೆ ಆದಾಗ ಏನ್ ಮಾಡ್ತೀಯೇ ಅಂದ್ರೆ… ‘ಪೊರಕೆ ತಗೋತೀನಿ ಸಾಕಕ್ಕ. ಅಂಗಳ ಗುಡಿಸಿ ಮುಗಿಯೋಷ್ಟರಲ್ಲಿ ಆಸೆ ತಣ್ಣಗಾಗಿರುತ್ತೆ’ ಅನ್ನೋಳು."

"ನನಗೊಂದು ಮಾತು ಹೇಳಬಾರದಿತ್ತಾ ಅವಳು?"

"ಅವ್ರಾಗೇ ಒಂದಿನ ಬಿಡ್ತಾರೆ ಅಂತ ಕಾಯ್ತಿದ್ಲು ಕಣಣ್ಣ…"

ಒಂಬತ್ತು ವರ್ಷ. ಅವಳು ಬಿಟ್ಟದ್ದನ್ನೇ ತಂದು ತಂದು ಅವಳ ಕೈಗಿಟ್ಟವರು ಇವರೇ. ಅವಳು ಗುಡಿಸುವಾಗ ನಕ್ಕವರೂ ಇವರೇ.

ಎಲೆಯ ಮುಂದೆ ಕುಕ್ಕರಿಸಿ, ಆ ಗಟ್ಟಿ ದನಿಯ ಮನುಷ್ಯ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ಸಂಜೆ ನೆಂಟರೆಲ್ಲ ಹೋದರು. ಬಾದುಷಾ ಪೊಟ್ಟಣ ಅಡುಗೆಮನೆಯ ಕಟ್ಟೆಯ ಮೇಲೆಯೇ ಇತ್ತು. ಸುಳ್ಳು ಯಾಕೆ ಹೇಳಲಿ… ಅಷ್ಟು ಅತ್ತ ಮೇಲೂ ಚನ್ನಿಗರಾಯಪ್ಪನವರ ಬಾಯಲ್ಲಿ ನೀರು ಬಂತು. ಹಾಳು ಮನಸ್ಸು!

ಅವರು ಪೊಟ್ಟಣ ಎತ್ತಿ ಸಾಕಮ್ಮನ ಮನೆಗೆ ಕೊಟ್ಟು ಬಂದರು. ಬಾಗಿಲ ಹಿಂದಿದ್ದ ಪೊರಕೆ ತೆಗೆದುಕೊಂಡರು. ಕುಂಟು ಕಾಲಿನಲ್ಲೇ, ಗುಡಿಸಿದ್ದ ಅಂಗಳವನ್ನು ಮತ್ತೆ ಗುಡಿಸಿದರು.

"ಅಪ್ಪ, ಏನ್ ಮಾಡ್ತಿದ್ದೀಯ?" ಎಂದು ಇಂದ್ರಾಣಿ ಓಡಿ ಬಂದಳು.

"ನಾಳೆ ಹಾಗಲಕಾಯಿ ಪಲ್ಯ ಮಾಡವ್ವ."

"ಕಾಶೀಲಿ ಬಿಟ್ಟಿದ್ದೀಯಲ್ಲಪ್ಪ?"

ಅವರು ಪೊರಕೆಯ ಮೇಲೆ ಕೈಯೂರಿ ನಿಂತರು. "ಬಿಟ್ಟಿದ್ದೋಳು ನಿಮ್ಮವ್ವ ಕಣಮ್ಮ… ನಾನು ಏನೂ ಬಿಟ್ಟಿರಲಿಲ್ಲ."

*

ಆಸೆಯನ್ನು ಎದುರಿಗಿಟ್ಟುಕೊಂಡು ಹಲ್ಲು ಕಚ್ಚಬೇಡಿ… ಎದ್ದು ದೂರ ಇಟ್ಟು ಬನ್ನಿ, ಅಷ್ಟರಲ್ಲಿ ಅದು ತಣ್ಣಗಾಗಿರುತ್ತದೆ.

ಎದೆ ಮುಟ್ಟಿಕೊಂಡು ಹೇಳಿ… ನೀವು "ಬಿಟ್ಟಿದ್ದೇನೆ" ಎನ್ನುವುದರಲ್ಲಿ ಹಾಗಲಕಾಯಿ ಎಷ್ಟು, ಬಾದುಷಾ ಎಷ್ಟು?