ರೂಕೆನ್ ಎಂಬ ಹೆಸರು

"ರೂಕೆನ್ ಎಲ್ಲಿ? ಕರೀರಿ," ಎಂದಳು ಮುದುಕಿ, ರೊಟ್ಟಿ ವ್ಯಾನಿನಿಂದ ಇಳಿಯುತ್ತಲೇ.

ತುಕಡಿಯ ಠಾಣೆಯಾಗಿದ್ದ ಗೋಧಿ ಕಣಜದ ಮುಂದೆ ಕಾವಲಿಗಿದ್ದ ಹುಡುಗಿ ಬಂದೂಕನ್ನು ಹೆಗಲಿಗೇರಿಸಿದಳು. "ನಾನೇ ಅಮ್ಮಾ."

ಮುದುಕಿ ನಕ್ಕಳು. "ತಮಾಷೆ ಸಾಕು. ನಾನು ಹೆತ್ತೋಳ ಗುರುತು ನನಗಿಲ್ವಾ? ಇಲ್ಲಿಗೆ ಸೇರಿದ ಮೇಲೆ ಕಾಗದದಲ್ಲೆಲ್ಲ ತನ್ನ ಹೆಸರು ರೂಕೆನ್ ಅಂತಲೇ ಬರೀತಿದ್ಲು. ಸತ್ತಳು ಅಂತ ಎರಡು ತಿಂಗಳ ಹಿಂದೆ ಹೇಳಿಕಳಿಸಿದ್ರು. ಹೆಣ ಎಲ್ಲಿ ಅಂದ್ರೆ, ಸಿಗಲಿಲ್ಲ ಅಂದ್ರು. ಈಗ ಈ ವ್ಯಾನಿನೋನು ಹೇಳ್ತಾನೆ, ರೂಕೆನ್ ತಾನೆ, ಮೊನ್ನೆ ಅವಳ ಕೈಗೇ ರೊಟ್ಟಿ ಕೊಟ್ಟೆ ಅಂತ. ಹೋಗು, ಕರ್ಕೊಂಡು ಬಾ."

ಮಡಿದವಳ ಹೆಸರನ್ನು ಹೊಸದಾಗಿ ಸೇರಿದವಳು ಇಟ್ಟುಕೊಳ್ಳುವುದು ಕುರ್ದ್ ಹೆಣ್ಣುಮಕ್ಕಳ ಆ ತುಕಡಿಯ ರೂಢಿ. ಸೇರಿದ ದಿನ, ಯಾವ ಹೆಸರು ಬೇಕೆಂದು ನಾಯಕಿ ಚಿಚೆಕ್ ಕೇಳಿದಾಗ, ಅವಳು ಗೋಡೆಯ ಮೇಲಿದ್ದ ಮಡಿದವರ ಫೋಟೋಗಳಲ್ಲಿ ಒಂದನ್ನು ತೋರಿಸಿದ್ದಳು. ಆ ಮುಖದ ಹಿಂದೆ ಒಂದು ಮನೆ ಇದ್ದೀತೆಂದು ಹೊಳೆದಿರಲಿಲ್ಲ.

ಮರಳಿನ ಚೀಲಗಳಾಚೆಯಿಂದ ಚಿಚೆಕ್ ಎದ್ದು ಬಂದಳು. "ನಾನು ಹೇಳಲಾ, ಸಂಗಾತಿ?"

"ಬೇಡ. ಹೆಸರು ತಗೊಂಡೋಳು ನಾನು." ಹುಡುಗಿ ಮುದುಕಿಯ ಎದುರು ಕುಕ್ಕರಗಾಲಲ್ಲಿ ಕೂತಳು. "ಅಮ್ಮಾ, ಅವರು ಹೇಳಿಕಳಿಸಿದ್ದು ಸುಳ್ಳಲ್ಲ. ನಿಮ್ಮ ಮಗಳು ಇಲ್ಲ. ಅವಳ ಹೆಸರನ್ನ ನಾನು ಇಟ್ಕೊಂಡಿದೀನಿ, ಅಷ್ಟೇ."

ಮುದುಕಿ ಅಳಲಿಲ್ಲ. ಚೀಲವೊಂದರ ಮೇಲೆ ಮೆಲ್ಲನೆ ಕೂತಳು. ದೂರದಲ್ಲೆಲ್ಲೋ ಗುಂಡಿನ ಸದ್ದು ಕೇಳಿ ನಿಂತಿತು. ಅವಳು ಹುಡುಗಿಯತ್ತ ತಿರುಗಿದಳು.

"ಅವಳನ್ನ ಕಂಡಿದ್ಯಾ?"

"ಇಲ್ಲ."

"ಮತ್ತೆ ಅವಳ ಹೆಸರೇ ಯಾಕೆ?"

"ಫೋಟೋಗಳಲ್ಲಿ ಉಳಿದೋರೆಲ್ಲ ಬಿಗಿಯಾಗಿ ನಿಂತಿದ್ರು. ಅವಳೊಬ್ಬಳೇ ಬಾಯ್ತುಂಬ ನಗ್ತಿದ್ಲು."

"ನಮ್ಮೋಳಾ?" ಮುದುಕಿ ಬೆರಗಾದಳು. "ಹಲ್ಲು ಸೊಟ್ಟ ಅಂತ ಮನೇಲಿ ಕೈ ಅಡ್ಡ ಹಿಡ್ಕೊಂಡೇ ನಗೋಳು."

"ಇಲ್ಲಿ ಹಿಡ್ಕೊಂಡಿಲ್ಲ ಅಮ್ಮಾ."

ವ್ಯಾನಿನವನು ಹಾರ್ನ್ ಹೊಡೆದಾಗ ಮುದುಕಿ ಮಂಡಿ ಹಿಡಿದು ಎದ್ದಳು.

"ನಿಮ್ಮಮ್ಮ ನಿನಗಿಟ್ಟ ಹೆಸರೇನು?"

"ಗುಲಿಜಾರ್." ಎಷ್ಟೋ ವಾರಗಳಿಂದ ಯಾರೂ ಕರೆಯದ ಆ ಹೆಸರು ಅವಳ ಬಾಯಿಗೇ ಹೊಸದೆನಿಸಿತು.

"ಈಗಿನ ಹೆಸರು ನಿಮ್ಮಮ್ಮನಿಗೆ ಗೊತ್ತಾ?"

ಹುಡುಗಿ ತಲೆಯಲ್ಲಾಡಿಸಿದಳು. ತಾಯಿ ಹೊಲಕ್ಕೆ ಹೋಗಿದ್ದಾಗ ಮನೆ ಬಿಟ್ಟವಳು, ಆಮೇಲೆ ಒಂದು ಸಾಲನ್ನೂ ಬರೆದಿರಲಿಲ್ಲ.

ಮುದುಕಿ ವ್ಯಾನು ಹತ್ತಿ, ಕಿಟಕಿಯಿಂದ ಕೈಚಾಚಿ ಅವಳ ಕೆನ್ನೆ ಮುಟ್ಟಿದಳು.

"ನಾನಾದ್ರೂ ಹೆಸರು ಕೇಳ್ಕೊಂಡು ಇಲ್ಲೀತನಕ ಬಂದೆ. ನಿಮ್ಮಮ್ಮ ಯಾವ ಠಾಣೆಗೆ ಹೋಗಿ ಗುಲಿಜಾರ್ ಅಂದ್ರೂ, ಅಂಥೋಳು ಇಲ್ಲಿಲ್ಲ ಅಂತ ವಾಪಸ್ ಕಳಿಸ್ತಾರಲ್ಲೇ, ಮಗಳೇ."